ಎರಡು ಕಳಾವರಿನ ಮರ್ಯಾದೆ

ಜಡ್ಜರು ಕೋರ್ಟಿನಲ್ಲಿ ಕೆಮ್ಮಿದರೆ ವಕೀಲರು ಅದನ್ನೂ ಬರೆದುಕೊಳ್ಳುತ್ತಿದ್ದರು. ಅಂಥವರು ನಿವೃತ್ತರಾದ ಮರುದಿನ ತರಕಾರಿ ಅಂಗಡಿಗೆ ಹೋಗಿ, "ಈ ಬೀನ್ಸಿನ ವಿಷಯದಲ್ಲಿ ನನ್ನ ಅಭಿಪ್ರಾಯ ಏನೆಂದರೆ..." ಎಂದು ಶುರು ಮಾಡಿದ್ದಷ್ಟೇ, ಅಂಗಡಿಯವಳು ಅರ್ಧ ಕಿಲೋ ತೂಗಿ ಚೀಲಕ್ಕೆ ಸುರಿದು "ಮುಂದೆ ಯಾರು?" ಅಂದುಬಿಟ್ಟಳು. ಲೋಕ ಕೆಟ್ಟುಹೋಗಿದೆ ಎಂಬುದು ಅವರಿಗೆ ಅವತ್ತೇ ಖಾತ್ರಿಯಾಯಿತು.

ಕೆಡದೆ ಉಳಿದಿದ್ದು ಒಂದೇ ಜಾಗ, ಬ್ರಿಜ್ ಕ್ಲಬ್ಬು. ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ, ಅಂಟಿನ ವಾಸನೆ ಮೂಗಿಗೆ ಹತ್ತುತ್ತಿತ್ತು. ಒಳಗೆ ಹಸಿರು ಬಟ್ಟೆ ಹೊದಿಸಿದ ಆರು ಮೇಜು, ಅದರಲ್ಲೊಂದಕ್ಕೆ ಕುಂಟುಕಾಲು, ಕಾಲಿನಡಿಗೆ ಶೂ ಡಬ್ಬಿಯ ರಟ್ಟು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಜನ ಸೇರುತ್ತಿದ್ದರು. ಜಡ್ಜರು ಸೇರಿದ ವರ್ಷವೇ ಅಧ್ಯಕ್ಷರಾದರು. ಯಾರೂ ಚುನಾಯಿಸಲಿಲ್ಲ, ಅವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತರು, ಏಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಅಷ್ಟೆ.

ಬ್ರಿಜ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಾಲ್ಕು ಜನ ಆಡುವ ಇಸ್ಪೀಟಿನ ಆಟ ಅದು, ಎದುರುಬದುರು ಕೂತವರು ಜೊತೆಗಾರರು. ಒಬ್ಬೊಬ್ಬರಿಗೆ ಹದಿಮೂರು ಎಲೆ. ಎಲೆ ಹಾಕುವ ಮುಂಚೆ ಹರಾಜಿನ ಹಾಗೆ ಕೂಗು ನಡೆಯುತ್ತದೆ: ಯಾವ ಜಾತಿ ತುರುಫು, ಆರರ ಮೇಲೆ ಎಷ್ಟು ಸುತ್ತು ಗೆಲ್ಲುತ್ತೇವೆ ಎಂದು ಸರದಿ ಪ್ರಕಾರ ಕೂಗಬೇಕು, ಎರಡು ಎಂದರೆ ಎಂಟು ಸುತ್ತು. ಜಾತಿಗಳಲ್ಲಿ ಕಳಾವರು ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮಂಡು, ಆಮೇಲೆ ಆಟೀನು, ಎಲ್ಲಕ್ಕಿಂತ ಮೇಲೆ ಇಸ್ಪೇಟು. ಒಬ್ಬರು ಕೂಗಿದ ಮೇಲೆ ಮುಂದಿನವರು ಅದಕ್ಕಿಂತ ಮೇಲೆಯೇ ಕೂಗಬೇಕು, ಇಲ್ಲವೇ "ಪಾಸ್" ಎನ್ನಬೇಕು. ಮಿಕ್ಕ ಮೂವರೂ ಪಾಸ್ ಎಂದರೆ ಕೊನೆಯ ಕೂಗು ನಿಂತಿತು. ಕೂಗಿದಷ್ಟು ಗೆಲ್ಲದಿದ್ದರೆ ಅಂಕ ಎದುರಾಳಿಗಳಿಗೆ. ಆ ಕೂಗಿಗೆ ಎದುರಾಳಿಗಳು "ಡಬಲ್" ಅಂದಿದ್ದರೆ ಆ ಪೆಟ್ಟು ಇನ್ನೂ ಜೋರು.

ಈ ಕೂಗುಗಳಲ್ಲಿ ಜಡ್ಜರ ಜೀವದಷ್ಟು ಪ್ರೀತಿಯದು ಒಂದಿತ್ತು: ಎರಡು ಕಳಾವರು. ಕ್ಲಬ್ಬಿನ ರೂಢಿಯಲ್ಲಿ ಆಟ ಶುರುವಿಗೇ ಎರಡು ಕಳಾವರು ಎಂದರೆ ಕೈಯಲ್ಲಿ ಕಳಾವರಿದೆ ಅಂತಲ್ಲ. ಕೈತುಂಬ ಎಕ್ಕ, ರಾಜ, ರಾಣಿ ತುಂಬಿದ್ದಾರೆ, ಇನ್ನು ನಾವಿಬ್ಬರು ನಿಧಾನವಾಗಿ ಮಾತಾಡಿಕೊಂಡು ಎಲ್ಲಿಗೆ ಹೋಗಬೇಕೋ ನೋಡೋಣ ಅಂತ ಜೊತೆಗಾರರಿಗೆ ಹೇಳುವ ಕೂಗು ಅದು. ಅಂಥ ಕೈ ಅಪರೂಪಕ್ಕೆ ಬರುತ್ತದೆ. ಬಂದ ದಿನ ಜಡ್ಜರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತೀರ್ಪು ಓದುವ ದನಿಯಲ್ಲಿ "ಎರಡು... ಕಳಾವರು" ಎನ್ನುತ್ತಿದ್ದರು. ಆ ನಡುವಿನ ಬಿಡುವಿನಲ್ಲಿ ಒಬ್ಬ ಮನುಷ್ಯ ಒಂದು ಲೋಟ ನೀರು ಕುಡಿದು ಮುಗಿಸಬಹುದಿತ್ತು.

ಅವರ ಜೊತೆಗಾರ್ತಿ ಹೆಂಡತಿಯೇ. ಆಕೆ ದೊಡ್ಡ ಆಸ್ಪತ್ರೆಯೊಂದರ ಔಷಧಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಡಾಕ್ಟರುಗಳ ಕಾಗೆ ಕಾಲು ಗುಬ್ಬಿ ಕಾಲು ಬರಹ ಓದಿ ಓದಿ, ಯಾರು ಏನಂದರು ಅನ್ನುವುದಕ್ಕಿಂತ ಏನು ಅನ್ನಲು ಹೊರಟಿದ್ದರು ಎಂದು ಯೋಚಿಸುವುದು ಆಕೆಗೆ ಅಭ್ಯಾಸವಾಗಿತ್ತು. ಗಂಡನ ಜೊತೆ ಸಂಸಾರ ಸುಗಮವಾಗಿ ನಡೆದಿದ್ದೂ ಅದರಿಂದಲೇ.

ಎಲ್ಲ ನೆಟ್ಟಗಿತ್ತು, ಷಡ್ಡಕ ಬರುವವರೆಗೆ. ಹೆಂಡತಿಯ ತಂಗಿ ತಲೆಗೂದಲಿನ ಪಾರ್ಲರ್ ಇಟ್ಟುಕೊಂಡಿದ್ದಳು. ಅವಳ ಗಂಡ ಹಳೇ ಪೀಠೋಪಕರಣಗಳ ಹರಾಜು ಕೂಗುವವನು. ಕಾಲು ಮುರಿದ ಬೀರುವನ್ನು "ರಾಜವಂಶದ್ದು ಸ್ವಾಮಿ, ರಾಜವಂಶದ್ದು!" ಎಂದು ಸಂಜೆಯೊಳಗೆ ಯಾರದೋ ಮನೆ ಸೇರಿಸುವ ಗಂಟಲು ಅವನದು. ಆ ವರ್ಷ ಗಂಡಹೆಂಡಿರು ಇದೇ ಊರಿಗೆ ಬಂದು ನೆಲೆಸಿದರು. "ಶನಿವಾರ ಸುಮ್ಮನೆ ಕೂರೋ ಬದಲು ಬನ್ರೇ" ಎಂದು ಕರೆದವಳು ಜಡ್ಜರ ಹೆಂಡತಿಯೇ. ಕರೆದ ಪಾಪಕ್ಕೆ ಆಮೇಲೆ ಎಷ್ಟೋ ಸಲ ಮಾತು ಕೇಳಿದಳು.

ಮೊದಲ ಶನಿವಾರವೇ ನಾಲ್ವರೂ ಒಂದೇ ಮೇಜು. ಜಡ್ಜರಿಗೆ ಕೈತುಂಬ ಬಂತು. ಕನ್ನಡಕ ಒರೆಸಿದರು. "ಎರಡು... ಕಳಾವರು."

ಅವರ ಬಾಯಿ ಇನ್ನೂ ಮುಚ್ಚಿರಲಿಲ್ಲ. "ಮೂರು ಇಸ್ಪೇಟು!" ಎಂದು ಪಕ್ಕದಲ್ಲಿದ್ದ ಷಡ್ಡಕ ಕೂಗಿದ. ಕಿಟಕಿ ಗಾಜು ಅದುರಿತು. ಕೆಳಗಿನ ಅಂಗಡಿಯಲ್ಲಿ ಚಪ್ಪಲಿ ಹಾಕಿ ನೋಡುತ್ತಿದ್ದವರು ಮೇಲೆ ನೋಡಿದರು.

ಹೆಂಡತಿ ಪಾಸ್ ಎಂದಳು. ನಾದಿನಿ ಉಗುರು ನೋಡಿಕೊಳ್ಳುತ್ತ "ನಾಲ್ಕು ಇಸ್ಪೇಟು" ಅಂದಳು. ಸರದಿ ಜಡ್ಜರಿಗೆ ಬಂದಾಗ, ಮೆಲ್ಲಮೆಲ್ಲಗೆ ಹತ್ತಬೇಕೆಂದಿದ್ದ ಏಣಿಯ ಕೆಳಗಿನ ಮೆಟ್ಟಿಲೆಲ್ಲ ಯಾರೋ ಕಿತ್ತುಕೊಂಡು ಹೋಗಿದ್ದರು. ಹೆಂಡತಿಯ ಪಾಸ್‌ನ ಅರ್ಥವೇನು? ಕೈಯಲ್ಲಿ ಏನೋ ಇದೆ ಅಂತಲೋ, ಏನೂ ಇಲ್ಲ ಅಂತಲೋ? ತಲೆ ಗಿರ್ರೆಂದಿತು. "ಐದು ಆಟೀನು" ಎಂದು ಮೇಲಿನ ಮೆಟ್ಟಿಲಿಗೇ ನೆಗೆದರು. ಸೋತರು. ಅದೂ ಸರಿಯಾಗಿ ಸೋತರು.

"ಏನಯ್ಯಾ, ಏನಿತ್ತು ನಿನ್ನ ಕೈಲಿ?" ಎಂದು ಷಡ್ಡಕನನ್ನು ಕೇಳಿದರು.

"ಇಸ್ಪೇಟು ಇತ್ತಲ್ಲ ಅಣ್ಣ. ಹತ್ತು, ಒಂಬತ್ತು, ಎಂಟು... ಹೀಗೇ ಪುಡಿ ಎಲೆ."

"ಎಕ್ಕ? ರಾಜ?"

"ಅವೆಲ್ಲ ನಿಮ್ಮತ್ರಾನೇ ಇದ್ವಲ್ಲ!"

"ಏನೂ ಇಲ್ಲದೆ ಕೂಗಿದೆಯಾ?"

"ಏನೂ ಇಲ್ಲದಾಗಲೇ ಅಣ್ಣ ಜೋರಾಗಿ ಕೂಗಬೇಕು. ನಮ್ಮ ಕಸುಬಿನ ಮೊದಲನೇ ಪಾಠ ಅದು."

ಇಡೀ ಕೋಣೆ ನಕ್ಕಿತು. ಹೆಂಡತಿಯೂ ನಕ್ಕಳೋ ಏನೋ, ಕೆಮ್ಮಿನಲ್ಲಿ ಮುಚ್ಚಿಕೊಂಡಳು.

"ನೀನು ಪಾಸ್ ಅಂದಿದ್ದು ಯಾವ ಅರ್ಥದಲ್ಲಿ?" ಎಂದು ಜಡ್ಜರು ಆ ರಾತ್ರಿ ಊಟದ ಮೇಜಿನಲ್ಲಿ ವಿಚಾರಣೆ ತೆಗೆದರು.

"ಪಾಸ್ ಅನ್ನೋ ಅರ್ಥದಲ್ಲಿ. ಮಧ್ಯೆ ಯಾರಾದ್ರೂ ಬಾಯಿ ಹಾಕಿದ್ರೆ ಏನು ಮಾಡೋದು ಅಂತ ನಾವು ಯಾವತ್ತು ಮಾತಾಡಿದೀವಿ ಹೇಳ್ರಿ?"

"ಮಧ್ಯೆ ಬಾಯಿ ಹಾಕೋದು ಸಭ್ಯರ ಲಕ್ಷಣ ಅಲ್ಲ. ಅಲ್ಲದ್ದನ್ನ ಮಾತಾಡೋದು ಯಾಕೆ?"

"ಹಾಗಾದ್ರೆ ಮಾತಾಡ್ಬೇಡಿ, ಸೋಲ್ತಾ ಇರೋಣ" ಎಂದು ಆಕೆ ತಟ್ಟೆ ಎತ್ತಿಕೊಂಡು ಹೋದಳು.

ಮುಂದಿನ ವಾರವೂ ಅದೇ ಕತೆ. ಅದರ ಮುಂದಿನ ವಾರ ಷಡ್ಡಕ ಡೈಮಂಡು ಕೂಗಿದ, ಬದಲಾವಣೆಗೆ ಇರಲಿ ಅಂತ. ಅಷ್ಟರಲ್ಲಿ ಬೇರೆ ಮೇಜಿನವರಿಗೂ ರುಚಿ ಹತ್ತಿತ್ತು. ಅಧ್ಯಕ್ಷರು ಕನ್ನಡಕ ಒರೆಸಲು ಕರವಸ್ತ್ರ ತೆಗೆದರೆ ಸಾಕು, ಎದುರಾಳಿ ಏನು ಕೂಗಿ ಅಡ್ಡಗಾಲು ಹಾಕಲಿ ಎಂದು ಎಲೆ ಜೋಡಿಸಿಕೊಳ್ಳುತ್ತಿದ್ದ. ಪಕ್ಕದ ಮೇಜಿನವರು ಅರ್ಥಪೂರ್ಣವಾಗಿ ಕೆಮ್ಮುತ್ತಿದ್ದರು.

ಬೇರೆಯವರಾಗಿದ್ದರೆ ಇದಕ್ಕೆ ಉತ್ತರ ಹುಡುಕುತ್ತಿದ್ದರು. ಜಡ್ಜರು ಕಾನೂನು ಹುಡುಕಿದರು.

ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಕಾರ್ಯಕಾರಿ ಸಮಿತಿ ಸೇರುತ್ತಿದ್ದದ್ದು ಅವರ ಕ್ಲಿನಿಕ್ಕಿನ ಹೊರಕೋಣೆಯಲ್ಲಿ, ಗೋಡೆ ಮೇಲಿನ ದೊಡ್ಡ ದವಡೆ ಹಲ್ಲಿನ ಚಿತ್ರದ ಕೆಳಗೆ. ಬಾಯಿ ತೆರೆದುಕೊಂಡವರು ವಾದ ಮಾಡಲಾರರು ಎಂಬ ಅನುಭವದಲ್ಲಿ ಬೆಳೆದ ಡಾಕ್ಟರಿಗೆ ವಾದವೆಂದರೇ ಆಗದು. ದೊಡ್ಡವರು ಏನಂದರೂ ತಲೆಯಾಡಿಸಿಬಿಡುತ್ತಿದ್ದರು. ಜಡ್ಜರು ತಾವೇ ಬರೆದ ನಿಯಮವನ್ನು ನಿಂತು ಓದಿದರು: "ಯಾವನೇ ಸದಸ್ಯನು ಎರಡು ಕಳಾವರು ಎಂದು ಆಟವನ್ನು ಆರಂಭಿಸಿದಲ್ಲಿ, ಎದುರಾಳಿಗಳು ಮೊದಲ ಸರದಿಯಲ್ಲಿ ಪಾಸ್ ಎಂದಷ್ಟೇ ಹೇಳತಕ್ಕದ್ದು. ಮೀರಿದವನ ಕೂಗನ್ನು ರದ್ದುಪಡಿಸತಕ್ಕದ್ದು. ಆತನು ಎದ್ದು ನಿಂತು ಎದುರಾಳಿಯ ಕ್ಷಮೆ ಯಾಚಿಸತಕ್ಕದ್ದು."

ಡಾಕ್ಟರು ತಲೆಯಾಡಿಸಿದರು. ಮಿಕ್ಕವರು ಡಾಕ್ಟರನ್ನು ನೋಡಿ ತಲೆಯಾಡಿಸಿದರು. ಸಮಿತಿಯಲ್ಲಿದ್ದ ಜಡ್ಜರ ಹೆಂಡತಿ ಮಾತ್ರ ಕೈಯೆತ್ತಿದಳು.

"ಒಂದು ಪ್ರಶ್ನೆ. ಕೋರ್ಟಲ್ಲೂ ನೀವು ಒಂದು ಕಡೆಯವರ ಮಾತು ಕೇಳಿ, ಇನ್ನೊಂದು ಕಡೆಯವರಿಗೆ ಸುಮ್ನಿರಿ ಅಂತಿದ್ರಾ?"

"ಅದು ನ್ಯಾಯ. ಇದು ಮರ್ಯಾದೆ. ಎರಡನ್ನೂ ಕಲಸಬೇಡ" ಎಂದರು ಜಡ್ಜರು. ನಿಯಮ ಪಾಸಾಯಿತು. ಡಾಕ್ಟರು ಅದನ್ನು ಬೆರಳಚ್ಚು ಮಾಡಿಸಿ ನೀರಿನ ಹೂಜಿಯ ಮೇಲಿನ ಗೋಡೆಗೆ ಅಂಟಿಸಿದರು.

ಆ ಶನಿವಾರ ಷಡ್ಡಕ ಅದರ ಮುಂದೆ ಬಹಳ ಹೊತ್ತು ನಿಂತು ಓದಿದ. ಗದ್ದ ಕೆರೆದುಕೊಂಡ. ಜಡ್ಜರು ದೂರದಿಂದ ನೋಡುತ್ತ, ಕೊನೆಗೂ ಇವನಿಗೆ ನಾಚಿಕೆ ಎಂಬುದು ಬಂತು ಎಂದು ತೃಪ್ತಿಪಟ್ಟುಕೊಂಡರು. ನಾಚಿಕೆಯಲ್ಲ, ಅವನು ಓದುತ್ತಿದ್ದದ್ದು ಮಾರಾಟಕ್ಕೆ ಬಂದ ಬೀರುವಿಗೆ ಗೆದ್ದಲು ಎಲ್ಲಿ ಹತ್ತಿದೆ ಎಂದು ನೋಡುವವನ ಹಾಗೆ.

ಮೇಜಿಗೆ ಬಂದು ಕೂತವನೇ ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಣ್ಣ, ಆಟಕ್ಕೆ ಮುಂಚೇನೇ ಹೇಳ್ಬಿಡ್ತೀನಿ, ಆಮೇಲೆ ಮೋಸ ಅನ್ಬಾರ್ದು. ಇವತ್ತಿಂದ ನಾವಿಬ್ರೂ ಪದ್ಧತಿ ಬದಲಾಯಿಸಿದೀವಿ. ನಾವು ಎರಡು ಕಳಾವರು ಅಂದ್ರೆ ಒಂದಿಷ್ಟು ಕಳಾವರು ಇದೆ, ಬೇರೆ ಏನೂ ಇಲ್ಲ ಅಂತ ಅರ್ಥ."

"ನಿಮ್ಮ ಪದ್ಧತಿ ನಿಮಗೆ ಬಿಟ್ಟಿದ್ದು" ಎಂದರು ಜಡ್ಜರು ಉದಾರವಾಗಿ. ತಾವು ತೋಡಿದ ಗುಂಡಿಯ ಅಂಚಿನಲ್ಲಿ ನಿಂತು ಗಾಳಿ ಚೆನ್ನಾಗಿದೆ ಎನ್ನುವವರ ಹಾಗೆ.

ಮೂರನೇ ಆಟದಲ್ಲಿ ಜಡ್ಜರ ಕೈಗೆ ನಾಲ್ಕು ಎಕ್ಕಗಳಲ್ಲಿ ಮೂರು ಬಂದವು, ರಾಜರೂ ಮೂವರು, ರಾಣಿಯರ ಪರಿವಾರ ಬೇರೆ. ಆದರೆ ಮೊದಲು ಕೂಗುವ ಸರದಿ ಷಡ್ಡಕನದು.

"ಎರಡು ಕಳಾವರು" ಎಂದ ಷಡ್ಡಕ. ಎಂದೂ ಇಲ್ಲದಷ್ಟು ಮೆತ್ತಗೆ.

ಜಡ್ಜರ ಹೆಂಡತಿ ಗೋಡೆಯ ಕಡೆ ನೋಡಿ "ಪಾಸ್" ಅಂದಳು. ನಾದಿನಿ ಉಗುರು ನೋಡಿಕೊಂಡು "ಪಾಸ್" ಅಂದಳು. ಈಗ ಜಡ್ಜರು. ಅವರು ಪಾಸ್ ಎಂದರೆ ಮೂರು ಪಾಸಾಯಿತು, ಆಟ ಎರಡು ಕಳಾವರಿನಲ್ಲೇ ನಿಂತಿತು, ತಮ್ಮ ಕೈಯಲ್ಲಿದ್ದ ಅರಮನೆ ಆಸ್ಥಾನವೆಲ್ಲ ದಂಡ. ಪಾಸ್ ಎನ್ನದಿದ್ದರೆ ಗೋಡೆಯ ಮೇಲೆ ತಮ್ಮದೇ ಸಹಿ. ನಿಯಮದಲ್ಲಿ 'ಎರಡು ಕಳಾವರು' ಎಂದಿತ್ತೇ ಹೊರತು ಕೈ ಬಲವಾಗಿರಬೇಕೆಂದು ಎಲ್ಲೂ ಇರಲಿಲ್ಲ. ಜೀವಮಾನವೆಲ್ಲ ಬೇರೆಯವರು ಬರೆದ ಕಾನೂನಿನಲ್ಲಿ ಇಂಥ ಬಿರುಕು ಹುಡುಕಿ ಬೈದವರು ಅವರು.

ಹಣೆಯ ನರ ಉಬ್ಬಿತು. ಬಾಯಿಗೆ ಬೀಗ ಹಾಕಲು ನೋಡಿದರು, ಆಗಲಿಲ್ಲ.

"ಡಬಲ್!" ಎಂದು ಕಿರುಚಿಯೇ ಬಿಟ್ಟರು.

ಆರೂ ಮೇಜುಗಳಲ್ಲಿ ಎಲೆ ಬೀಳುವುದು ನಿಂತಿತು. ಷಡ್ಡಕ ಬೆರಳೆತ್ತಿ ನೀರಿನ ಹೂಜಿಯ ಕಡೆ ತೋರಿಸಿದ, ಅಷ್ಟೆ. ಹಲ್ಲಿನ ಡಾಕ್ಟರು ಎದ್ದು ಬಂದರು. ಜೀವನದಲ್ಲಿ ಮೊದಲ ಸಲ ಅವರಿಗೆ ತಲೆ ಯಾವ ಕಡೆ ಆಡಿಸಬೇಕೆಂದು ತಿಳಿಯಲಿಲ್ಲ.

"ಸರ್, ನಿಯಮದ ಪ್ರಕಾರ..."

"ನಿಯಮ ನನಗೆ ಗೊತ್ತು. ನಾನೇ ಬರೆದದ್ದು."

"ಅದಕ್ಕೇ ಸರ್, ಅದಕ್ಕೇ. ಎದ್ದು ನಿಂತು ಅಂತ ಇದೆ."

ಜಡ್ಜರು ಎದ್ದರು. ತಮ್ಮ ಮುಂದೆ ಎಷ್ಟೋ ಜನ ಹೀಗೆ ಎದ್ದು ನಿಂತದ್ದನ್ನು ನೋಡಿದ್ದರು. "ಕ್ಲಬ್ಬಿನ ಶಿಸ್ತಿನ ಹಿತದೃಷ್ಟಿಯಿಂದ, ನನ್ನಿಂದ ಉಂಟಾಗಿರಬಹುದಾದ, ಉಂಟಾಗಿದ್ದಲ್ಲಿ, ಅನನುಕೂಲಕ್ಕೆ..." ಎಂದು ಶುರು ಮಾಡಿದರು.

"ಅಷ್ಟೆಲ್ಲ ಯಾಕೆ ಅಣ್ಣ? ತಪ್ಪಾಯ್ತು ಅನ್ನಿ, ಸಾಕು" ಎಂದ ಷಡ್ಡಕ ದೊಡ್ಡ ಮನಸ್ಸು ಮಾಡಿ.

"ತಪ್ಪಾಯ್ತು" ಎಂದರು ಜಡ್ಜರು.

ಷಡ್ಡಕ ಎರಡು ಕಳಾವರು ಆಡಿದ. ಎಂಟು ಸುತ್ತು ಗೆಲ್ಲಬೇಕಾದಲ್ಲಿ ಮೂರು ಗೆದ್ದು, ಸೋತಿದ್ದಕ್ಕೆ ಚೂರುಪಾರು ಅಂಕ ಕಳೆದುಕೊಂಡು, ಬಾಯಲ್ಲಿ ಸಣ್ಣಗೆ ಹಾಡು ಗುನುಗುತ್ತ ಎಲೆ ಕಲಸಿದ. ಮಿಕ್ಕವರಿಗೆ ಇಷ್ಟು ಸಾಕಾಯಿತು. ಮುಂದಿನ ಶನಿವಾರ ಕ್ಲಬ್ಬಿನಲ್ಲಿ ಎರಡು ಕಳಾವರಿನ ಜಾತ್ರೆ. ಕೈಯಲ್ಲಿ ಏನಿದೆ, ಏನಿಲ್ಲ ನೋಡದೆ ಎಲ್ಲರೂ ಎರಡು ಕಳಾವರು ಎನ್ನುವುದು, ಎದುರಾಳಿಗಳು ಪಾಸ್ ಎನ್ನುವುದು, ಎಲೆ ಎಸೆಯುವುದು. ಬಾಯಿ ಇದ್ದವರ ಆಟ ಮೂಕರ ಸಂತೆಯಾಯಿತು. ಅದರ ಮುಂದಿನ ವಾರ ಗೋಡೆಯ ಮೇಲಿನ ಕಾಗದ ಇರಲಿಲ್ಲ. "ಸುಣ್ಣ ಹೊಡೆಸೋ ಸಲುವಾಗಿ ತೆಗೆದಿದೆ" ಎಂದರು ಜಡ್ಜರು. ಸುಣ್ಣ ಇವತ್ತಿಗೂ ಹೊಡೆದಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಇಷ್ಟಾದ ಮೇಲೆ ಒಂದು ಸಂಜೆ, ಹೆಂಡತಿ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಾಗ, ಜಡ್ಜರು ಎದುರಿಗೆ ಬಂದು ಗಂಟಲು ಸರಿಮಾಡಿಕೊಂಡರು. "ಮಧ್ಯೆ ಬಾಯಿ ಹಾಕಿದ್ರೆ ಏನು ಮಾಡೋದು ಅಂತ ಅವತ್ತು ಏನೋ ಹೇಳ್ತಿದ್ದೆಯಲ್ಲ."

ಆಕೆ ಗೆದ್ದೆ ಎನ್ನುವ ಮುಖ ಮಾಡಲಿಲ್ಲ. ಮಾಡಿದ್ದರೆ ಅವರು ಎದ್ದು ಹೋಗುತ್ತಿದ್ದರು ಎಂದು ಆಕೆಗೆ ಗೊತ್ತು.

"ಎರಡೇ ಮಾತು. ನೀವು ಎರಡು ಕಳಾವರು ಅಂತೀರ. ಅವನು ಮಧ್ಯೆ ಏನೋ ಕೂಗ್ತಾನೆ. ನನ್ನ ಕೈಲಿ ಒಂದಿಷ್ಟು ಇದ್ರೆ ನಾನು ಪಾಸ್ ಅಂತೀನಿ. ನಾವು ಆಡ್ಬಹುದು, ಮುಂದೆ ಮಾತಾಡಿ ಅಂತ ಅರ್ಥ. ಏನೂ ಇಲ್ಲದಿದ್ರೆ ಡಬಲ್ ಅಂತೀನಿ."

"ಉಲ್ಟಾ ಹೇಳ್ತಿದೀಯ. ಇದ್ದೋರು ಡಬಲ್ ಅನ್ಬೇಕು, ಇಲ್ಲದೋರು ಸುಮ್ನಿರ್ಬೇಕು."

"ತುಂಬಿದ ಕೊಡ ತುಳುಕೋದಿಲ್ಲ ರೀ. ತುಂಬಿದ್ರೆ ಪಾಸ್. ಖಾಲಿ ಡಬ್ಬ ತಾನೇ ಸದ್ದು ಮಾಡೋದು? ಖಾಲಿ ಆದ್ರೆ ಡಬಲ್. ಮರೆಯೋ ಹಾಗೇ ಇಲ್ಲ."

ಜಡ್ಜರಿಗೆ ಗಾದೆ ಹಿಡಿಸಿತು, ಗಾದೆ ಹೇಳಿದವರು ತಾವಲ್ಲ ಎಂಬುದು ಹಿಡಿಸಲಿಲ್ಲ. "ಸರಿ, ನೀನು ಡಬಲ್ ಅಂದೆ. ಆಮೇಲೆ ನಾನು?"

"ನನ್ನ ಕೈಲಿ ಏನೂ ಇಲ್ಲ, ಅವನ ಕೈಲೂ ಇಲ್ಲ ಅಂತ ಆಯ್ತಲ್ಲ. ಅವನು ತುಂಬಾ ಮೇಲೆ ಹೋಗಿ ಕೂಗಿದ್ರೆ ಸುಮ್ನೆ ಪಾಸ್ ಅಂದ್ಬಿಡಿ. ಆಡ್ಲಿ ಅವನೇ. ನಿಮ್ಮ ಎಕ್ಕ ರಾಜ ಇಟ್ಕೊಂಡು ಒಂದೊಂದಾಗಿ ಹೊಡೀರಿ. ಡಬಲ್ ಆಗಿರುತ್ತೆ, ಸೋತು ಸುಣ್ಣ ಆಗ್ತಾನೆ."

"ಅಂದ್ರೆ ಅಷ್ಟು ಒಳ್ಳೆ ಕೈ ಇಟ್ಕೊಂಡು ನಾನು ಆಡ್ಬಾರ್ದು?"

"ಗೆಲ್ಲಬೇಕೋ, ಆಡ್ಬೇಕೋ?"

ಜಡ್ಜರು ಆ ಪ್ರಶ್ನೆಯನ್ನು ಮುಂದೂಡಿದರು. ಆದರೆ ಪಾಠ ನಡೆಯಿತು. ಊಟದ ಮೇಜಿನ ಮೇಲೆ ನಾಲ್ಕು ಕಡೆಗೂ ಎಲೆ ಹಂಚಿ, ಖಾಲಿ ಕುರ್ಚಿಯ ಪರವಾಗಿ ಹೆಂಡತಿಯೇ ಷಡ್ಡಕನ ದನಿಯಲ್ಲಿ "ನಾಲ್ಕು ಇಸ್ಪೇಟು, ರಾಜವಂಶದ್ದು!" ಎಂದು ಕೂಗುತ್ತಿದ್ದಳು. ಜಡ್ಜರು ಬೆಚ್ಚಿಬೀಳುತ್ತಿದ್ದರು, ಆಮೇಲೆ ಬೆಚ್ಚುವುದು ಕಡಿಮೆಯಾಯಿತು. ಅಭ್ಯಾಸದಲ್ಲಿ ಅವರು ಒಂದು ಸಲವೂ ತಪ್ಪಲಿಲ್ಲ. ಹಾಲು ಕಾಯಿಸುತ್ತಿರುವಾಗಲೂ ಹೆಂಡತಿ "ಡಬಲ್?" ಎಂದರೆ "ಖಾಲಿ ಡಬ್ಬ" ಎಂದು ಉತ್ತರ ಬರುತ್ತಿತ್ತು. ಆಕೆಗೂ ಹುರುಪು ಬಂತು. ಗಂಡ ತನ್ನ ಮಾತು ಇಷ್ಟು ಗಮನಕೊಟ್ಟು ಕೇಳಿದ್ದು ಮದುವೆಯಾದಾಗಿಂದ ಇದೇ ಮೊದಲು.

ವಾರ್ಷಿಕ ಪಂದ್ಯ ಬಂತು. ಚಪ್ಪಲಿ ಅಂಗಡಿಯವನು ಕುರ್ಚಿ ಸಾಲದೆ ಗಿರಾಕಿಗಳ ಬೆಂಚು ಮೇಲಕ್ಕೆ ಕಳಿಸಿದ್ದ. ಬೆಳಿಗ್ಗೆಯಿಂದ ಜಡ್ಜರ ಜೋಡಿ ಚೆನ್ನಾಗಿಯೇ ಆಡಿತು. ಕೊನೆಯ ಸುತ್ತಿನ ಹೊತ್ತಿಗೆ ಕಪ್ಪಿಗೆ ಉಳಿದವರು ಎರಡೇ ಜೋಡಿ, ಆ ಎರಡೂ ಒಂದೇ ಮೇಜಿನಲ್ಲಿ: ಅಕ್ಕನ ಮನೆಯವರು, ತಂಗಿಯ ಮನೆಯವರು. ಸುತ್ತ ಜನ ನಿಂತರು. ಹಲ್ಲಿನ ಡಾಕ್ಟರು ಎರಡೂ ಕಡೆಗೆ ತಲೆಯಾಡಿಸುತ್ತ ನಿಂತರು.

ಕೊನೆಯ ಆಟಕ್ಕಿಂತ ಹಿಂದಿನ ಆಟ. ಜಡ್ಜರು ಎಲೆ ಬಿಡಿಸಿದರು. ನಾಲ್ಕು ಎಕ್ಕವೂ ಅಲ್ಲೇ ಇದ್ದವು. ಆಟೀನಿನ ಎಕ್ಕ, ರಾಜ, ರಾಣಿ, ಗುಲಾಮ, ಅದರ ಹಿಂದೆ ಇನ್ನೆರಡು. ಇಂಥ ಕೈ ಅವರಿಗೆ ಬಂದದ್ದೇ ಇಲ್ಲ. ಕನ್ನಡಕ ಒರೆಸಿದರು.

"ಎರಡು... ಕಳಾವರು."

"ನಾಲ್ಕು ಇಸ್ಪೇಟು!" ಎಂದ ಷಡ್ಡಕ. ಜನ ಉಸಿರು ಬಿಗಿಹಿಡಿದರು.

ಹೆಂಡತಿ ತನ್ನ ಎಲೆಗಳನ್ನು ಮಡಿಸಿ ಮೇಜಿನ ಮೇಲಿಟ್ಟಳು. ಗಂಡನ ಮುಖ ನೋಡಲಿಲ್ಲ, ಹಾಗೆ ನೋಡಬಾರದು. "ಡಬಲ್" ಎಂದಳು, ಸ್ಪಷ್ಟವಾಗಿ.

ನಾದಿನಿ ಪಾಸ್.

ಖಾಲಿ ಡಬ್ಬ. ಜಡ್ಜರಿಗೆ ತಕ್ಷಣ ಅರ್ಥವಾಯಿತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದರು. ಹೆಂಡತಿಯ ಕೈಯಲ್ಲಿ ಏನೂ ಇಲ್ಲ. ಪಾಸ್ ಎಂದರೆ ಸಾಕು. ಹತ್ತು ಸುತ್ತು ಗೆಲ್ಲುತ್ತೇನೆಂದು ಕೂಗಿರುವ ಈ ಹರಾಜಿನವನಿಗೆ ಆರು ಸಿಕ್ಕರೆ ಹೆಚ್ಚು. ಕಪ್ಪು ತಮ್ಮದು.

ಆದರೆ ಆ ಕೈ! ಆಟೀನಿನ ರಾಜ ಅವರನ್ನೇ ನೋಡುತ್ತಿದ್ದ. ಪಾಸ್ ಎಂದರೆ ಆಡುವವನು ಷಡ್ಡಕ. ನಾಳೆ ಜನ ಮಾತಾಡುವುದು ಷಡ್ಡಕ ಹೇಗೆ ಸೋತ ಎಂದೇ ಹೊರತು ಜಡ್ಜರ ಕೈಗೆ ಎಂಥ ಎಲೆ ಬಂದಿತ್ತು ಎಂದಲ್ಲ. ಜೀವಮಾನಕ್ಕೊಮ್ಮೆ ಬರುವ ಕೈಯನ್ನು ಇಟ್ಟುಕೊಂಡು, ಇನ್ನೊಬ್ಬನ ಕೂಗಿಗೆ ಬಾಲವಾಗಿ, ಬಾಯಿ ಮುಚ್ಚಿಕೊಂಡು ಕೂರುವುದೇ? ಷಡ್ಡಕ ಸಣ್ಣಗೆ ಗುನುಗುತ್ತಿದ್ದ. ಆ ಗುನುಗು ಕಿವಿಗೆ ಬಿದ್ದದ್ದೇ ತಡ...

"ಐದು ಆಟೀನು" ಎಂದರು ಜಡ್ಜರು.

ಹೆಂಡತಿ ಕಣ್ಣು ಮುಚ್ಚಿ ತೆರೆದಳು. ಮಿಕ್ಕ ಮೂವರೂ ಪಾಸ್ ಎಂದರು. ಆಕೆ ಪದ್ಧತಿಯಂತೆ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಳು: ಎರಡು, ಮೂರು, ಐದು, ಏಳು. ಒಬ್ಬ ಗುಲಾಮನೂ ಇಲ್ಲ. ಆಟೀನು ಒಂದೇ ಒಂದೂ ಇಲ್ಲ. ನಾದಿನಿಯ ಕೈಯಲ್ಲಿ ಐದು ಆಟೀನು ಕೂತಿದ್ದವು. ಜಡ್ಜರು ರಾಜಗಾಂಭೀರ್ಯದಿಂದ ಆಡಿದರು, ರಾಜಗಾಂಭೀರ್ಯದಿಂದ ಎರಡು ಸುತ್ತು ಕಡಿಮೆ ಬಿದ್ದರು. ಕೊನೆಯ ಆಟದಲ್ಲೂ ಆ ಕೊರತೆ ತುಂಬಲಿಲ್ಲ, ಕಪ್ಪು ತಂಗಿಯ ಮನೆಗೆ ಹೋಯಿತು.

ಮನೆಗೆ ನಡೆಯುವ ದಾರಿಯಲ್ಲಿ ಜಡ್ಜರು ತೀರ್ಪು ಕೊಡಲು ಶುರು ಮಾಡಿದರು. ಡಬಲ್ ಎಂಬ ಪದ ಸಂದಿಗ್ಧವಾದದ್ದು, ಅದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥ ಹುಟ್ಟುತ್ತದೆ, ಉಚ್ಚಾರಣೆಯಲ್ಲೂ ಸ್ವಲ್ಪ... ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಹೆಂಡತಿ ಬೀದಿ ದೀಪದ ಕೆಳಗೆ ನಿಂತಳು.

"ಒಂದೇ ಕೇಳ್ತೀನಿ, ನಿಜ ಹೇಳಿ. ನಾನು ಡಬಲ್ ಅಂದಾಗ ನಿಮಗೆ ಅರ್ಥ ಆಗಿತ್ತೋ, ಇಲ್ವೋ?"

ಸುಳ್ಳು ಹೇಳುವವರ ಮುಖ ಜೀವಮಾನವೆಲ್ಲ ಓದಿದವರು. ತಮ್ಮ ಮುಖ ಹೇಗೆ ಕಾಣುತ್ತದೆಂದು ಅವರಿಗೆ ಗೊತ್ತಿತ್ತು. "ಆಗಿತ್ತು."

"ಮತ್ತೆ?"

"ಕೈ ನನ್ನದಾಗಿತ್ತು ಕಣೇ. ಅಂಥ ಕೈ."

"ನಿಮ್ಮದೇ. ನನ್ನದೇನೂ ಇರ್ಲಿಲ್ಲ, ಅದನ್ನೇ ನಾನು ಹೇಳಿದ್ದು." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಜಡ್ಜರಿಗೆ ಉತ್ತರ ಸಿಗುತ್ತಿತ್ತು. "ಅರ್ಥ ಆಗ್ಲಿಲ್ಲ ಅಂದಿದ್ರೆ ಇನ್ನೊಂದು ವರ್ಷ ಹೇಳಿಕೊಡ್ತಿದ್ದೆ. ಅರ್ಥ ಆಗಿಯೂ ಕೇಳದೇ ಇರೋರಿಗೆ ಏನು ಹೇಳಿಕೊಡೋದು?"

ಮನೆಗೆ ಬಂದು ಆಕೆ ತಂಗಿಗೆ ಫೋನ್ ಮಾಡಿದಳು. ಅಕ್ಕತಂಗಿಯರು ನಕ್ಕಿದ್ದು ಹೊರಕೋಣೆಗೂ ಕೇಳಿಸುತ್ತಿತ್ತು. ಮುಂದಿನ ಶನಿವಾರ ಅಕ್ಕನೂ ತಂಗಿಯೂ ಎದುರುಬದುರು ಕೂತರು. ಮಿಕ್ಕವರೆಲ್ಲ ಆಗಲೇ ಜೋಡಿ. ಉಳಿದವರು ಇಬ್ಬರೇ: ಜಡ್ಜರು, ಷಡ್ಡಕ.

"ಬನ್ನಿ ಅಣ್ಣ, ಇವರಿಗೆ ಬುದ್ಧಿ ಕಲಿಸೋಣ" ಎಂದು ಷಡ್ಡಕ ಕುರ್ಚಿ ಎಳೆದ.

ಬುದ್ಧಿ ಯಾರು ಕಲಿತರೆಂದು ಹೇಳಬೇಕಾಗಿಲ್ಲ. ಹೊರಗಿನವನು ಮಧ್ಯೆ ಬಾಯಿ ಹಾಕಿದರೆ ಅದಕ್ಕೊಂದು ಪದ್ಧತಿಯಿದೆ. ಜೊತೆಗಾರನೇ ಹಾಕಿದರೆ ಯಾವ ಪುಸ್ತಕದಲ್ಲೂ ಮದ್ದಿಲ್ಲ. ಜಡ್ಜರು ಮೆಲ್ಲಗೆ ಆಟೀನು ಎಂದರೆ ಷಡ್ಡಕ ಇಸ್ಪೇಟು ಎನ್ನುವನು. ಇವರು ಮತ್ತೆ ಆಟೀನು ಎಂದರೆ ಅವನು ಮತ್ತೂ ಮೇಲೆ ಹೋಗಿ ಇಸ್ಪೇಟು ಎನ್ನುವನು. "ಹರಾಜಲ್ಲಿ ಹಿಂದೆ ಸರಿಯೋದು ನನ್ನ ಜಾಯಮಾನದಲ್ಲೇ ಇಲ್ಲ ಅಣ್ಣ." ಎದುರಾಳಿಗಳಾಗಿ ಕೂತ ಅಕ್ಕತಂಗಿಯರು ಇವರಿಬ್ಬರ ಏಲಂ ಮುಗಿಯುವವರೆಗೆ ತಾಳ್ಮೆಯಿಂದ ಪಾಸ್ ಪಾಸ್ ಎನ್ನುತ್ತಿದ್ದು, ಮೇಲಿನ ಮೆಟ್ಟಿಲು ಮುಟ್ಟಿದಾಗ ಒಬ್ಬಳು ಡಬಲ್ ಎನ್ನುವಳು. ಮಾತು ಅಷ್ಟೇ. ಆ ಮಧ್ಯಾಹ್ನ ಅಕ್ಕತಂಗಿಯರು ಎಲ್ಲರಿಗಿಂತ ಮೇಲೆ ಬಂದರು. ಷಡ್ಡಕರಿಬ್ಬರೂ ಎಲ್ಲರಿಗಿಂತ ಕೆಳಗೆ, ಕೆಳಗೆಂದರೆ ಅವರ ಮೇಲಿನವರಿಗೆ ಇವರು ಕಾಣದಷ್ಟು ಕೆಳಗೆ.

ಆಟ ಮುಗಿದ ಮೇಲೆ ಷಡ್ಡಕ ಜಡ್ಜರ ಭುಜದ ಮೇಲೆ ಕೈಯಿಟ್ಟು, ನಮ್ಮ ಕೂಗು ಕೇಳಿ ಇಡೀ ಬೀದಿ ನಿಂತಿತ್ತು ಅಣ್ಣ ಎಂದು ಹೆಮ್ಮೆಪಟ್ಟ. ಅದನ್ನು ಕೇಳಿ ಜಡ್ಜರಿಗೂ ಒಂದು ಗಳಿಗೆ ಹೆಮ್ಮೆಯಾಯಿತು ಎಂಬುದನ್ನು ಅವರು ಯಾರಿಗೂ ಹೇಳಿಲ್ಲ.

ಸಂಜೆ ಹೆಂಡತಿಯ ಜೊತೆ ಮನೆಗೆ ನಡೆಯುವಾಗ, ಬೀದಿ ಅರ್ಧ ದಾಟುವವರೆಗೂ ತಡೆದುಕೊಂಡಿದ್ದು ಕೊನೆಗೆ ಕೇಳಿಯೇ ಬಿಟ್ಟರು. "ಆ ಎಂಟನೇ ಆಟದಲ್ಲಿ ನನ್ನ ಕೈಗೆ ಮೂರು ಎಕ್ಕ ಬಂದಿತ್ತು. ಗಮನಿಸಿದೆಯಾ?"

"ಇಲ್ಲ ರೀ" ಎಂದಳು ಹೆಂಡತಿ, ಕೈಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸುತ್ತ. "ನಾನು ತಂಗಿ ಏನು ಹೇಳ್ತಿದ್ದಾಳೆ ಅಂತ ಕೇಳ್ತಿದ್ದೆ."